ಹೊಳೆಗಿಳಿಯುವ ಬೀದಿ

ಓಹಾಯೋ ಹೊಳೆಯ ದಂಡೆಗೆ ನಮ್ಮದೊಂದು ಪಾರ್ಕು,
ಅಂಗೈಯಗಲ. ಎರಡು ಬೆಂಚು, ಒಂದು ಸಿಕಮೋರ್ ಮರ,
ತುಕ್ಕು ಹಿಡಿದ ನಲ್ಲಿ,
ನಡುವೆ ಐವತ್ತೆರಡು ಹೆಜ್ಜೆಯ ಕಲ್ಲುಬೀದಿ.
ಮೇಲ್ತುದಿಯಲ್ಲಿ ಡಾಂಬರು ಅದನ್ನು ಕಚ್ಚಿ ನಿಲ್ಲಿಸಿದೆ.
ಕೆಳತುದಿಯಲ್ಲಿ ಅದು ನಿಲ್ಲುವುದೇ ಇಲ್ಲ,
ನೆಟ್ಟಗೆ ನೀರಿಗೆ ಇಳಿದುಬಿಡುತ್ತದೆ
ಮರೆತದ್ದೇನನ್ನೋ ತರಲು ಹೋದವರ ಹಾಗೆ.

ನಾನು ಎದುರಿನ ಅಂಗಡಿಯಲ್ಲಿ ಎರೆಹುಳ ಮಾರುವವನು.
ಹೊಸಬರು ನನ್ನನ್ನೇ ಕೇಳುತ್ತಾರೆ:
ಬೀದಿ ಹೊಳೆಯೊಳಗೆ ಯಾಕೆ ಹೋಯಿತು?
ಹೋಗಲಿಲ್ಲ. ಹೊಳೆಯೇ ಬಂತು.
ನನ್ನಜ್ಜಿ ಲಂಗ ತೊಡುವ ಹುಡುಗಿಯಾಗಿದ್ದಾಗ
ಕೆಳಗೆಲ್ಲೋ ಅಣೆಕಟ್ಟು ಕಟ್ಟಿದರು,
ಹನ್ನೆರಡು ಅಡಿ ಏರಿತು ನೀರು, ಏರಿದ್ದು ಇಳಿಯಲಿಲ್ಲ.
ದೋಣಿಗಟ್ಟೆ, ಉಪ್ಪಿನ ಮಳಿಗೆ, ಸುಂಕದವನ ತಕ್ಕಡಿ,
ಅರ್ಧ ಬೀದಿ, ಎಲ್ಲ ತಳಕ್ಕೆ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗಿಲ್ಲವಂತೆ.
ನಾವು ದಾಟಲೂ ಇಲ್ಲ, ಅಂಬಿಗನೂ ಉಳಿಯಲಿಲ್ಲ.

ಗುರುವಾರ ಗುರುವಾರ ಒಡೆಸ್ಸಾ ಪ್ರೂಯಿಟ್ ಬರುತ್ತಾಳೆ,
ಮೊಣಕಾಲಿಗೆ ಹಳೆ ಟಯರಿನ ತುಂಡು ಕಟ್ಟಿ,
ತುದಿ ಬಗ್ಗಿದ ಬೆಣ್ಣೆಚೂರಿ ಹಿಡಿದು
ಕಲ್ಲು ಕಲ್ಲಿನ ಸಂದಿನಿಂದ ಹುಲ್ಲು ಕೀಳುತ್ತ.
ಪುರಸಭೆ ಅವಳಿಗೆ ಕೊಟ್ಟದ್ದು ಪುಡಿಗಾಸು
ಮತ್ತೊಂದು ಕಿತ್ತಳೆ ಅಂಗಿ. ಅಂಗಿ ಅವಳು ತೊಡುವುದಿಲ್ಲ.
ಔಷಧಿ ಹೊಡೆದರೆ ಅರ್ಧ ದಿನದ ಕೆಲಸ, ಅಂದರು.
ಹೊಡೆದರೆ ಪಾಚಿಯೂ ಸಾಯುತ್ತೆ, ಅಂದಳು.
ಪಾಚಿಗೆ ನನಗಿಂತ ವಯಸ್ಸಾಗಿದೆ.

ಅವಳ ಮುತ್ತಜ್ಜ ಹೆಜಕಾಯ
ಇದೇ ಬೀದಿಯಲ್ಲಿ ಹೇಸರಗತ್ತೆಯ ಬಂಡಿ ಹೊಡೆದವನು,
ಮೇಲಕ್ಕೆ ಉಪ್ಪು, ಕೆಳಕ್ಕೆ ತಂಬಾಕು.
ಚಕ್ರ ಕೊರೆದ ಜೋಡಿಗೆರೆ ಇನ್ನೂ ಇದೆ,
ಮಳೆ ಬಂದರೆ ಮೊದಲು ತುಂಬುವುದು ಅದೇ,
ಮಕ್ಕಳು ಅದರಲ್ಲಿ ಕಡ್ಡಿ ತೇಲಿಬಿಡುತ್ತಾರೆ.
ಅವನು ಹುಟ್ಟಿದ್ದು ಆಚೆ ದಡದಲ್ಲಿ,
ಯಾರದೋ ಲೆಕ್ಕದ ಪುಸ್ತಕದಲ್ಲಿ, ದನಗಳ ಕೆಳಗಿನ ಸಾಲಿನಲ್ಲಿ.
ಹೊಳೆ ಹೆಪ್ಪುಗಟ್ಟಿದ ಒಂದು ರಾತ್ರಿ
ತಾಯಿಯ ಬೆನ್ನಿಗಂಟಿ ಈಚೆ ಬಂದ.
ಕಾಲಿಗೆ ಮೊದಲು ಸಿಕ್ಕ ನೆಲ
ಈ ಬೀದಿಯ ಕೊನೆಯ ಕಲ್ಲು.
ಐವತ್ತೆರಡು ಹೆಜ್ಜೆಯನ್ನು ಇಪ್ಪತ್ತು ವರ್ಷ ಕಾದವಳು
ಆ ಕಲ್ಲನ್ನು ಕಂಡದ್ದಿಲ್ಲ.

ಹೋದ ಅಕ್ಟೋಬರಿನಲ್ಲಿ ಕಲ್ಲಿದ್ದಲ ದೋಣಿಯೊಂದು ಹಗ್ಗ ಹರಿದುಕೊಂಡು
ಅಣೆಕಟ್ಟಿನ ಬಾಗಿಲಿಗೆ ಗುದ್ದಿತು.
ಬೆಳಗಾಗುವುದರೊಳಗೆ ಹೊಳೆ ಸೋರಿ ಸೋರಿ
ನೂರಾರು ಗಜ ಹಿಂದೆ ಸರಿದಿತ್ತು.
ಊರಿಗೆ ಊರೇ ಕುರ್ಚಿ ಹೊತ್ತು ಬಂತು.
ಬಾಟಲಿ, ಸೈಕಲ್ಲು, ಕ್ಷೌರದ ಕುರ್ಚಿ,
ಉಸಿರಿಗೆ ಬಾಯಿ ಬಿಡುವ ಮೀನು,
ಅವುಗಳ ನಡುವೆ ಕೆಸರು ಕೊಡವಿಕೊಂಡು ಬೀದಿ,
ಒಂದು ಕಲ್ಲೂ ಅಲುಗದೆ.
ಲೈಲ್ ಹಚಿನ್ಸ್ ಊರುಗೋಲಿನಲ್ಲಿ ಎಣಿಸಿ ಹೇಳಿದ: ತೊಂಬತ್ತೊಂದು.
ಒಬ್ಬಳು ಎಣಿಸಿ ಎಂಬತ್ತೊಂಬತ್ತು ಅಂದಳು, ಜಗಳವಾಯಿತು.

ಒಡೆಸ್ಸಾ ಬಂದದ್ದು ಎರಡನೆಯ ದಿನ, ಜನ ಕರಗಿದ ಮೇಲೆ.
ಚೂರಿ ಕೈಯಲ್ಲೇ ಇತ್ತು, ರೂಢಿಯಂತೆ.
ಅಲ್ಲಿ ಕೀಳಲು ಒಂದೆಸಳು ಹುಲ್ಲೂ ಇರಲಿಲ್ಲ.
ಕೊನೆಯ ಕಲ್ಲೂ ಇರಲಿಲ್ಲ.
ಹೆಣಿಗೆ ಬಿಚ್ಚಿದ ಸೆರಗಿನ ಹಾಗೆ ಬೀದಿ
ಅಲ್ಲೊಂದು ಇಲ್ಲೊಂದು ಕಲ್ಲಾಗಿ, ಜಲ್ಲಿಯಾಗಿ, ಮರಳಾಗಿ
ಎಲ್ಲಿ ಮುಗಿಯಿತೆಂದು ಹೇಳಲಾರದೆ ಮುಗಿದಿತ್ತು.
ಅವಳು ಬೂಟು ಕಳಚಿದಳು.
ಒಂದರ ಮೇಲೆ ನಿಂತಳು, ಇನ್ನೊಂದರ ಮೇಲೆ ನಿಂತಳು,
ಮತ್ತೊಂದರ ಮೇಲೆ.
ನಾನು ಅಂಗಡಿಯ ದೀಪ ಆರಿಸಿದೆ. ನೋಡುವಂಥದ್ದಲ್ಲ ಅನ್ನಿಸಿತು.

ಮೂರನೆಯ ರಾತ್ರಿ ಬಾಗಿಲು ಸರಿಪಡಿಸಿದರು.
ನೀರು ಸದ್ದಿಲ್ಲದೆ ಮರಳಿತು,
ಮೀನಿಗೆ ಹೋದವರು ಮೀನಿಗೆ ಹೋದರು.

ಗುರುವಾರ ಅವಳು ಎಂದಿನಂತೆ ಮೇಲಿನಿಂದ ಶುರುಮಾಡಿ
ಸಂಜೆಗೆ ನೀರಂಚಿಗೆ ಬಂದಳು.
ಚೂರಿ ಬದಿಗಿಟ್ಟು, ಮೊಣಕೈವರೆಗೆ ಕೈ ಇಳಿಸಿ
ಐವತ್ಮೂರನೆಯ ಕಲ್ಲನ್ನು ತಡವಿದಳು.
ಎದ್ದು ಹೋದಳು,
ನಲ್ಲಿಯ ಹತ್ತಿರ ನಿಲ್ಲದೆ.